ದಿಂಬಿನ ಮೇಲೆ ಮೂವತ್ತು

ಆ ಶನಿವಾರ ವಿಶೇಷ ಏನೂ ಇರಲಿಲ್ಲ. ಬೆಳಗ್ಗೆ ಐದೂವರೆಗೆ ನಮ್ಮನೆಯವರು ಎದ್ದರು. ಹಾಸಿಗೆ ಸುತ್ತಿಟ್ಟು, ತಮ್ಮ ದಿಂಬನ್ನು ನೆಲದ ಮೇಲೆ ಹಾಕಿದರು. ಅದರ ಪಕ್ಕ ಮಂಡಿಯೂರಿ ಕುಳಿತರು. ಒಂದು ಕೈ ಮೇಲೆ ಇನ್ನೊಂದು ಕೈ ಇಟ್ಟು ಒತ್ತಲು ಶುರು ಮಾಡಿದರು. ಒಂದು, ಎರಡು, ಮೂರು. ನಾನು ಅಡುಗೆಮನೆಯಲ್ಲಿ ಟೀಗೆ ನೀರಿಟ್ಟೆ. ಇಪ್ಪತ್ತಕ್ಕೆ ಬಂದಾಗ ಒತ್ತುತ್ತಲೇ ಕೂಗಿದರು.

"ಇಪ್ಪತ್ತು... ಟೀ ಆಯ್ತೇನೇ?"

"ಆಯ್ತು."

ಇಪ್ಪತ್ತೊಂದು, ಇಪ್ಪತ್ತೆರಡು. ಮೂವತ್ತಕ್ಕೆ ನಿಲ್ಲಿಸಿ, ಬಗ್ಗಿ, ದಿಂಬಿನ ಮೇಲೆ ಎರಡು ಸಲ ಉಸಿರು ಊದಿದರು. ಹೀಗೆ ಐದು ಸುತ್ತು. ಟೀ ಆಗಿರಲಿ ಬಿಡಲಿ, ಇಪ್ಪತ್ತಕ್ಕೆ ಅವರು ಕೇಳುವುದು, ನಾನು ಆಯ್ತು ಅನ್ನುವುದು. ಹೊರಗಿನವರು ನೋಡಿದ್ದರೆ ಗಂಡ ಹೆಂಡತಿ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನಮಗೆ ಅದು ಇಪ್ಪತ್ತೆರಡು ವರ್ಷದ ಅಭ್ಯಾಸ.

ಅವರು ಈಜುಕೊಳದಲ್ಲಿ ಲೈಫ್‌ಗಾರ್ಡ್. ಮುಳುಗುವವರನ್ನು ಎತ್ತುವ ಕೆಲಸ. ಎತ್ತಿದ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತಿ, ಬಾಯಿಗೆ ಗಾಳಿ ಊದಿ ಗುಂಡಿಗೆ ನಡೆಸಬೇಕು. ಸಿಪಿಆರ್ ಅನ್ನುತ್ತಾರೆ. ದಿನಾ ಬೆಳಗ್ಗೆ ದಿಂಬಿಗೆ ಮಾಡುತ್ತಿದ್ದದ್ದು ಅದನ್ನೇ. ಮಗಳು ಚಿಕ್ಕವಳಿದ್ದಾಗ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದಳು.

"ಅಪ್ಪಾ, ದಿಂಬು ಬದುಕ್ತಾ?"

"ಇನ್ನೂ ಇಲ್ಲ ಪುಟ್ಟಾ. ನಾಳೆ ನೋಡೋಣ."

ಆ ಶನಿವಾರವೂ ಕೆಲಸಕ್ಕೆ ಹೋದರು, ಬಂದರು. ಮೈಯೆಲ್ಲ ಕ್ಲೋರಿನ್ ವಾಸನೆ. ಒದ್ದೆ ಟವೆಲನ್ನು ಕುರ್ಚಿ ಮೇಲೆ ಬಿಸಾಕಿ ನನ್ನಿಂದ ಬೈಸಿಕೊಂಡರು. ಸೀಟಿಯ ದಾರ ಸವೆದಿತ್ತು, ಹೊಸದು ಕಟ್ಟಿಕೊಂಡರು. ಉಂಡು ಮಲಗಿದರು. ಅಷ್ಟೇ.

ಅವರಿಗೆ ನೀರಿನ ಭಯ ಇರಲಿಲ್ಲ. ಎಷ್ಟು ಆಳಕ್ಕಾದರೂ ಧುಮುಕುತ್ತಿದ್ದರು. ಭಯ ಇದ್ದದ್ದು ಒಂದಕ್ಕೇ. ಒಂದಲ್ಲ ಒಂದು ದಿನ ಯಾರದೋ ಎದೆಯನ್ನು ನಿಜವಾಗಿ ಒತ್ತಬೇಕಾದೀತು ಅನ್ನುವುದಕ್ಕೆ.

ಅದಕ್ಕೆ ಕಾರಣ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಲ್ಲೊಬ್ಬರು ಹಿರಿಯ ಲೈಫ್‌ಗಾರ್ಡ್ ಇದ್ದರು. ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದರು. ಇವರಿಗೆ ಕೆಲಸ ಕಲಿಸಿದವರು ಅವರೇ. ಒಂದು ದಿನ ವಯಸ್ಸಾದವರೊಬ್ಬರು ಸೊಂಟದುದ್ದ ನೀರಿನಲ್ಲಿ ಕುಸಿದರು. ದೊಡ್ಡಣ್ಣ ಎತ್ತಿ ಮಲಗಿಸಿ ಎದೆ ಒತ್ತಿದರು. ಲಟಕ್ ಅಂತ ಸದ್ದಾಯಿತು. ಪಕ್ಕೆಲುಬು. ದೊಡ್ಡಣ್ಣ ನಿಲ್ಲಿಸಲಿಲ್ಲ, ಒತ್ತುತ್ತಲೇ ಇದ್ದರು. ಆದರೂ ಆ ಅಜ್ಜ ಉಳಿಯಲಿಲ್ಲ. ಅವರ ಮಗ ದೊಡ್ಡಣ್ಣನ ಬನಿಯನ್ ಹಿಡಿದು ಎಳೆದಾಡಿದ. "ನಮ್ಮಪ್ಪನ ಎದೆ ಮುರಿದು ಕೊಂದ್ಬಿಟ್ಯಲ್ಲೋ!" ನಮ್ಮನೆಯವರು ಕೈಯಲ್ಲಿ ಟವೆಲ್ ಹಿಡಿದು ನಿಂತೇ ಇದ್ದರಂತೆ.

ದೊಡ್ಡಣ್ಣನದು ತಪ್ಪಿಲ್ಲ ಎಂದು ಡಾಕ್ಟರು ಹೇಳಿದರು. ಆದರೂ ಮಾರನೇ ದಿನ ದೊಡ್ಡಣ್ಣ ಸೀಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಹೋದವರು ತಿರುಗಿ ಬರಲಿಲ್ಲ. ಸೈಕಲ್ ರಿಪೇರಿ ಅಂಗಡಿ ಇಟ್ಟರು. ಆ ದಾರಿಯಲ್ಲಿ ಹೋದರೆ ನಮ್ಮನೆಯವರು ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ಏನು ಮಾತಾಡುವುದು ಅಂತ.

ಮದುವೆಯಾದ ಹೊಸತರಲ್ಲೇ ನನಗೆ ಹೇಳಿದ್ದರು. "ನೀರಿಂದ ಎತ್ತೋವರೆಗೂ ನಾನು ಗಂಡಸು ಕಣೇ. ಆಮೇಲೆ ಈ ಕೈ ನನ್ನ ಮಾತು ಕೇಳುತ್ತೋ ಇಲ್ವೋ ಗೊತ್ತಿಲ್ಲ. ಆ ಲಟಕ್ ಸದ್ದು ಕೇಳಿದ್ರೆ ಕೈ ಕಿತ್ಕೊಂಡ್ಬಿಡ್ತೀನೇನೋ."

"ಹಂಗಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

"ನೋಡ್ಕೋಬಹುದು. ನನ್ನ ಜಾಗಕ್ಕೆ ಬರೋನು ದಿಂಬೂ ಒತ್ತದೋನಾದ್ರೆ?"



ಆ ಭಯಕ್ಕೆ ಅವರು ಸೀಟಿ ಊದುತ್ತಿದ್ದರು. ಯಾರಾದರೂ ಅಂಚಿನಲ್ಲಿ ಓಡಿದರೆ ಸೀಟಿ. ಉಸಿರು ಬಿಗಿಹಿಡಿದು ಪಂದ್ಯ ಕಟ್ಟಿದರೆ ಸೀಟಿ. ತುಟಿ ನೀಲಿಯಾದ ಮಗುವನ್ನು ಕಂಡರೆ ಸೀಟಿ ಊದಿ, ಮೇಲೆ ಕರೆದು, ಬಿಸಿಲಿನಲ್ಲಿ ಕೂರಿಸುತ್ತಿದ್ದರು. ಅಲ್ಲಿ ಅವರ ಹೆಸರೇ ಸೀಟಿ. "ಇಲ್ಲಿ ನೀರಿಗಿಂತ ಸೀಟಿನೇ ಜಾಸ್ತಿ ಕಣ್ರೀ" ಎಂದು ಈಜಲು ಬಂದವರು ಮ್ಯಾನೇಜರಿಗೆ ದೂರು ಕೊಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಎದೆಯನ್ನೂ ಒತ್ತುವ ಪ್ರಸಂಗ ಬರಲಿಲ್ಲ. ಮ್ಯಾನೇಜರು ಅದೃಷ್ಟ ಅನ್ನುತ್ತಿದ್ದರು. ಅದೃಷ್ಟವೂ ಅಲ್ಲ, ಮಣ್ಣೂ ಅಲ್ಲ. ಈ ಮನುಷ್ಯನ ಪುಕ್ಕಲುತನ. ಅದು ಎಷ್ಟು ಜನರನ್ನು ಕಾಪಾಡಿತೋ ಲೆಕ್ಕ ಇಟ್ಟವರಿಲ್ಲ.

ಭಾನುವಾರ ಬೆಳಗ್ಗೆಯೂ ದಿಂಬು ನೆಲಕ್ಕೆ ಬಿತ್ತು. ನಾನು ಟೀಗೆ ಇಟ್ಟೆ. ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಹನ್ನೆರಡು, ಹದಿಮೂರು, ಹದಿನಾಲ್ಕು. ಆಮೇಲೆ ಇಲ್ಲ.

"ಏನ್ರೀ, ಲೆಕ್ಕ ಮರೆತ್ರಾ?"

ಉತ್ತರ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ಹದಿನಾಲ್ಕಕ್ಕೆ ನಿಲ್ಲಿಸಿದ್ದೇ ಇಲ್ಲ. ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು ಬಂದೆ. ದಿಂಬಿನ ಮೇಲೆ ಮುಖ ಕೆಳಗಾಗಿ ಬಿದ್ದಿದ್ದರು. ಹೊರಳಿಸಿದೆ. ಎದೆ ಏಳುತ್ತಿರಲಿಲ್ಲ. ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಗಾಳಿ ಇಲ್ಲ.

ಬಾಗಿಲ ಕಡೆ ತಿರುಗಿ ಎದುರುಮನೆ ಟೈಲರನ್ನು ಕೂಗಿದೆ. ಕೂಗಿ ಮಂಡಿ ಊರಿದೆ. ನನ್ನ ಮಂಡಿ ನೋವಿನದು, ಕೂತರೆ ಏಳಲಾಗುವುದಿಲ್ಲ. ಆವತ್ತು ಅದರ ನೆನಪೇ ಆಗಲಿಲ್ಲ. ಎದೆಯ ನಡುವೆ ಅಂಗೈ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು ಒತ್ತಿದೆ. ಒಂದು, ಎರಡು, ಮೂರು. ದಿಂಬು ಮೆತ್ತಗೆ. ಮನುಷ್ಯ ಹಾಗಲ್ಲ. ಒಂಬತ್ತಕ್ಕೆ ಲಟಕ್ ಅಂದಿತು.

ಅಷ್ಟು ಹೊತ್ತಿಗೆ ಟೈಲರ್ ಬಂದ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನನ್ನ ತೋಳು ಹಿಡಿದು ಎಳೆದ.

"ಅಕ್ಕಾ, ಬಿಡಕ್ಕಾ! ಎದೆ ಮುರೀತು! ಸಾಯಿಸಿಬಿಡ್ತೀಯ!"

"ಸತ್ತೇ ಬಿದ್ದಿದಾರೆ ಕಣೋ. ಬಾಯಿ ಮುಚ್ಕೊಂಡು ಆಂಬುಲೆನ್ಸಿಗೆ ಫೋನ್ ಮಾಡು."

ಹತ್ತು, ಹನ್ನೊಂದು. ಇಪ್ಪತ್ತಕ್ಕೆ ನನ್ನ ಬಾಯಿ ತಾನಾಗಿಯೇ "ಆಯ್ತು" ಅಂದಿತು. ಪ್ರತಿ ಸುತ್ತಿನಲ್ಲೂ ಅಂದಿತು. ಟೈಲರ್ ಅದನ್ನು ಕೇಳಿ, ಅಕ್ಕ ಆಸೆ ಬಿಟ್ಟಳು ಅಂದುಕೊಂಡು ಗೋಡೆಗೊರಗಿ ಅತ್ತನಂತೆ. ಆಂಬುಲೆನ್ಸ್ ಬರಲು ಹನ್ನೊಂದು ನಿಮಿಷ ಹಿಡಿಯಿತು. ಅದರಲ್ಲಿ ಬಂದವರು ಪೆಟ್ಟಿಗೆ ತೆರೆದು ಎದೆಗೆ ಕರೆಂಟು ಕೊಟ್ಟರು. ಎರಡನೇ ಸಲಕ್ಕೆ ಗುಂಡಿಗೆ ಹೊಡೆದುಕೊಂಡಿತು. ಟೀ ಪಾತ್ರೆ ಸುಟ್ಟು ಕರಕಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. "ನೀವೇನಾ ಮಾಡಿದ್ದು? ಎಲ್ಲಿ ಟ್ರೇನಿಂಗ್ ಆಗಿತ್ತು?"

"ಅಡುಗೆಮನೇಲಿ" ಅಂದೆ.

ನಮ್ಮನೆಯವರಿಗೆ ಎರಡನೇ ದಿನ ಎಚ್ಚರವಾಯಿತು. ಬೇರೆ ಊರಿಂದ ಮಗಳು ಬಂದಿದ್ದಳು. ಕಣ್ಣು ಬಿಟ್ಟು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಎದೆ ಮುಟ್ಟಿಕೊಂಡು ಮುಖ ಕಿವುಚಿದರು.

"ಮುರೀತಾ?"

"ಮೂರು."

"ಸದ್ದು ಬಂತಾ?"

"ಬಂತು."

"ನೀನು ನಿಲ್ಲಿಸ್ಲಿಲ್ವಾ?"

"ನಿಲ್ಲಿಸು ಅಂತ ನೀವೆಲ್ಲಿ ಕಲಿಸಿದ್ರಿ?"

ನಗಲು ಹೋಗಿ ನೋವಿಗೆ ಅಯ್ಯೋ ಅಂದರು. ಮಗಳು ಕಣ್ಣೊರೆಸಿಕೊಂಡು, "ಅಮ್ಮಾ, ಕೊನೆಗೂ ದಿಂಬು ಬದುಕ್ತು" ಅಂದಳು. ಮತ್ತೆ ನಕ್ಕು ಮತ್ತೆ ಅಯ್ಯೋ ಅಂದರು. ನರ್ಸು ಬಂದು ಮೂವರಿಗೂ ಬೈದಳು.

ನಾಲ್ಕನೇ ದಿನ, "ದೊಡ್ಡಣ್ಣನ್ನ ಕರ್ಕೊಂಡು ಬಾ" ಅಂದರು. ನಾನೇ ಸೈಕಲ್ ಅಂಗಡಿಗೆ ಹೋದೆ. ಕೂದಲೆಲ್ಲ ಬೆಳ್ಳಗಾಗಿತ್ತು. ವಿಷಯ ಕೇಳಿ ಕೈಯ ಗ್ರೀಸ್ ಒರೆಸಿಕೊಂಡರು. ಆಮೇಲೆ ಅಂಗಡಿಯ ಶಟರ್ ಎಳೆದು ನನ್ನ ಜೊತೆ ಹೊರಟರು.

ಮಂಚದ ಪಕ್ಕ ಬಂದು ನಿಂತರು. ನಮ್ಮನೆಯವರು ಅವರ ಕೈ ಹಿಡಿದು ತಮ್ಮ ಎದೆಯ ಮೇಲೆ, ಆ ಮುರಿದ ಜಾಗದಲ್ಲಿ ಇಟ್ಟುಕೊಂಡರು.

"ಮುಟ್ಟಿ ನೋಡಣ್ಣಾ. ಮುರಿದಿದೆ."

ದೊಡ್ಡಣ್ಣ ಕೈ ಎಳೆದುಕೊಳ್ಳಲು ನೋಡಿದರು. ಇವರು ಬಿಡಲಿಲ್ಲ.

"ಕೆಳಗೆ ಮಲಗಿದೋನಿಗೆ ಏನೂ ಗೊತ್ತಾಗಲ್ಲಣ್ಣಾ. ಒಂಚೂರೂ ಗೊತ್ತಾಗಲ್ಲ. ಎಚ್ಚರ ಆದ್ಮೇಲೇ ನೋವು. ಆ ಅಜ್ಜನಿಗೆ ನೀನು ನೋವು ಕೊಡ್ಲಿಲ್ಲ. ನೀನು ಕೊಲ್ಲಲೂ ಇಲ್ಲ. ನಾನು ಅಲ್ಲಿಗೆ ಹೋಗಿ ಬಂದು ಹೇಳ್ತಿದೀನಿ."

ದೊಡ್ಡಣ್ಣ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಇದನ್ನ ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತೇನೋ ಬಡ್ಡೀಮಗನೇ?" ಅಂದರು. ಇಬ್ಬರೂ ಅತ್ತರು. ಗಂಡಸರು ಅಳುವುದನ್ನು ನೋಡಬಾರದು ಎಂದು ನಾನು ಫ್ಲಾಸ್ಕ್ ತೊಳೆಯಲು ಹೋದೆ.

ಅವತ್ತು ಸಂಜೆ ಇವರು ನನಗೆ ಹೇಳಿದರು. "ಇನ್ನು ನನಗೆ ಭಯ ಇಲ್ಲ ಕಣೇ. ಕೆಲಸಕ್ಕೆ ಹೋದ್ಮೇಲೆ ಸೀಟಿ ಸ್ವಲ್ಪ ಕಮ್ಮಿ ಊದ್ತೀನಿ."

"ಜಾಸ್ತಿನೇ ಊದಿ" ಅಂದೆ.

ಅವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಗುಂಡಿಗೆ ಮತ್ತೆ ನಿಂತಿತು. ಡಾಕ್ಟರಮ್ಮ, ನರ್ಸುಗಳು ಸರದಿಯಲ್ಲಿ ಒತ್ತಿದರು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಅವರು ಸರಿಯಾಗಿಯೇ ಒತ್ತುತ್ತಿದ್ದರು. ಎಷ್ಟೋ ಸುತ್ತಿನ ಮೇಲೆ ನಿಲ್ಲಿಸಿದರು. ನಾನು ಯಾರ ಬಟ್ಟೆಯನ್ನೂ ಹಿಡಿದು ಎಳೆಯಲಿಲ್ಲ. ಡಾಕ್ಟರಮ್ಮನ ಹಣೆಯ ಬೆವರನ್ನು ನನ್ನ ಸೆರಗಿನಲ್ಲಿ ಒರೆಸಿದೆ.

ಒಂಬತ್ತೇ ದಿನ, ಅಷ್ಟಕ್ಕೆ ಏನು ಬಂತು ಎಂದು ಕೇಳಿದವರಿದ್ದಾರೆ. ನಾನು ಜಗಳ ಆಡುವುದಿಲ್ಲ. ಆ ಭಾನುವಾರವೇ ಹೋಗಿದ್ದರೆ ಅವರು ಆ ಭಯವನ್ನು ಹೊತ್ತುಕೊಂಡೇ ಹೋಗುತ್ತಿದ್ದರು. ಮನೆ ಖಾಲಿ. ಕುರ್ಚಿ ಮೇಲೆ ಒದ್ದೆ ಟವೆಲ್ ಇಲ್ಲ. ಅದಕ್ಕೂ ಅಳು ಬರುತ್ತದೆ. ಅತ್ತು ಏಳುತ್ತೇನೆ.

ದೊಡ್ಡಣ್ಣ ಈಗ ಭಾನುವಾರ ಬೆಳಗ್ಗೆ ಅಂಗಡಿ ತೆರೆಯುವುದಿಲ್ಲ. ಈಜುಕೊಳಕ್ಕೆ ಹೋಗಿ, ಬಂದವರನ್ನೆಲ್ಲ ಕೂರಿಸಿ ಎದೆ ಒತ್ತುವುದನ್ನು ಕಲಿಸುತ್ತಾರೆ. "ಸದ್ದು ಬರುತ್ತೆ. ಬಂದ್ರೆ ಬರ್ಲಿ. ಕೈ ತೆಗೀಬೇಡಿ" ಎಂಬುದೇ ಅವರ ಮೊದಲ ಪಾಠ. ಟೈಲರ್ ಎರಡು ಸಲ ಹೋಗಿ ಬಂದ. ಬಂದವನು ಒಂದು ದಿಂಬು ಹೊಲಿದು ತಂದುಕೊಟ್ಟ. ಒಳಗೆ ಬಟ್ಟೆ ಚೂರು ಗಿಡಿದು ಗಟ್ಟಿ ಮಾಡಿದ್ದಾನೆ, ಮನುಷ್ಯರ ಎದೆಯಷ್ಟೇ ಅಗಲ. ಕೈ ಇಡುವ ಜಾಗಕ್ಕೆ ಕೋಟಿನ ದೊಡ್ಡ ಗುಂಡಿ ಹೊಲಿದಿದ್ದಾನೆ.

"ಅಳತೆ ಯಾರದೋ?"

"ಭಾವನದೇ ಅಕ್ಕಾ. ನನ್ನ ಪುಸ್ತಕದಲ್ಲಿತ್ತು."

ಬೆಳಗ್ಗೆ ಐದೂವರೆಗೆ ಟೀಗೆ ನೀರಿಟ್ಟು ಆ ದಿಂಬನ್ನು ನೆಲಕ್ಕೆ ಹಾಕುತ್ತೇನೆ. ಮಂಡಿ ಊರುವಾಗ ನೋಯುತ್ತದೆ. ಗುಂಡಿಯ ಮೇಲೆ ಅಂಗೈ ಇಟ್ಟು ಶುರು ಮಾಡುತ್ತೇನೆ. ಇಪ್ಪತ್ತಕ್ಕೆ ಯಾರೂ ಕೇಳುವುದಿಲ್ಲ. ನಾನು "ಆಯ್ತು" ಅನ್ನುತ್ತೇನೆ. ಇಪ್ಪತ್ತೊಂದು, ಇಪ್ಪತ್ತೆರಡು. ಐದು ಸುತ್ತು ಮುಗಿಯುವ ಹೊತ್ತಿಗೆ ಟೀ ಕುದಿಯುತ್ತಿರುತ್ತದೆ.