ಮಸೀದಿ ಬಾಗಿಲಲ್ಲಿ ಅಜ್ಜಿಯ ಹುಬ್ಬು

ಇವತ್ತು ನಾಯಂಡಹಳ್ಳಿ ಮೆಟ್ರೋದಲ್ಲಿ ಯಾರದೋ ಅತ್ತರು ಮೂಗಿಗೆ ಬಡಿಯಿತು. ನಾನು ಮತ್ತೆ ಜ್ವರದ ಹುಡುಗಿಯಾಗಿ ಅಜ್ಜಿಯ ಸೊಂಟ ಏರಿದೆ.

ನಮ್ಮ ಬೀದಿಯಲ್ಲಿ ಯಾರ ಮಗುವಿಗೆ ಜ್ವರ ಬಂದರೂ ಸಂಜೆ ಮಸೀದಿ ಬಾಗಿಲಿಗೆ ಒಯ್ಯುತ್ತಿದ್ದರು. ನಮಾಜು ಮುಗಿಸಿ ಅತ್ತರು ಘಮಿಸುತ್ತ ಬಂದವರು ಪ್ರಾರ್ಥಿಸಿ ಮುಖಕ್ಕೆ ಊದುತ್ತಿದ್ದರು.

ಆ ಸಂಜೆ ಊದುವವರಿಗಿಂತ ಮೊದಲು ಕಲ್ಲು ತೂರುವವರು ಬಂದರು. ಕಿಟಕಿ ಗಾಜು ಸಿಡಿಯಿತು. ಗುಂಪಿನ ಮುಂದೆ ನಮ್ಮ ಚಿಕ್ಕಪ್ಪ!

“ಅಮ್ಮಾ, ಪಕ್ಕಕ್ಕೆ ಬಾ!”

“ನಿಂಗೂ ಇಲ್ಲೇ ಊದ್ಸಿದ್ದು ಕಣೋ, ನಾಚ್ಕೆ ಆಗಲ್ವಾ?” ಅಂದಳು ಅಜ್ಜಿ.

ಕ್ರಿಕೆಟ್ಟಿನಲ್ಲಿ ಒಮ್ಮೆಯೂ ವಿಕೆಟ್ಟಿಗೆ ತಾಗಿಸದ ಚಿಕ್ಕಪ್ಪನ ಕಲ್ಲು ಹೆತ್ತಮ್ಮನ ಹುಬ್ಬಿಗೆ ಸರಿಯಾಗಿ ತಾಗಿತು. ರಕ್ತ ನನ್ನ ಕೆನ್ನೆಗೆ ಹರಿಯಿತು. ಒಳಗಿನವರು ನಮ್ಮನ್ನು ಎಳೆದುಕೊಂಡು ಬಾಗಿಲು ಹಾಕಿದರು. ಹೊರಗೆ ಬಾಗಿಲಿಗೆ ದೊಣ್ಣೆ ಬೀಳುತ್ತಿದ್ದರೆ, ಒಳಗೆ ಅಷ್ಟೂ ಜನ ಸಾಲಾಗಿ ನಿಂತು ನನಗೆ ಊದಿದರು.

ಅಜ್ಜಿ ಈಗ ಇಲ್ಲ. ಫೋಟೋದಲ್ಲಿನ ಗಾಯದ ಬಗ್ಗೆ ಮಕ್ಕಳು ಕೇಳಿದರೆ ಚಿಕ್ಕಪ್ಪ, “ಬಚ್ಚಲಲ್ಲಿ ಜಾರಿದ್ದು” ಅನ್ನುತ್ತಾರೆ. ಪೊಲೀಸರಿಗೆ ಅಜ್ಜಿ ಹೇಳಿದ್ದೂ ಅದನ್ನೇ.