ಸಿಸ್ಟರಮ್ಮನ ತಪಾಸಣೆ

ಮುಡುಕುತೊರೆಯ ಹೆಣ್ಣುಮಗಳು ಗುರುಬಸಮ್ಮ ಸರ್ಕಾರಿ ದಾದಿಯಾಗಿ ಹುಲ್ಲಹಳ್ಳಿ ಕಡೆಯ ಐದು ಊರುಗಳ ಬಸುರಿಯರನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಎಲ್ಲದರ ಮೇಲೂ ಕುತೂಹಲ. ಅಲ್ಯೂಮಿನಿಯಂ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದಲ್ಲ, ಹನ್ನೊಂದು ವರ್ಷ ಕೇಳಿದರೂ ಅವಳಿಗೆ ಬೇಸರ ಬಂದಿರಲಿಲ್ಲ. ಒಂದೊಂದು ಕೂಸು ಒಂದೊಂದು ಥರ ಬಡಿದುಕೊಳ್ಳುತ್ತದೆ ಎಂದು ಅವಳ ವಾದ. ಯಾರು ನಕ್ಕರೂ ಬಿಡುತ್ತಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷಕ್ಕೆ, 1998ರಲ್ಲಿ, ಅವಳೇ ಬಸುರಿಯಾದಳು. ಅದಕ್ಕೆ ಮೊದಲು ಒಂದು ಸಲ ಬಸುರು ನಿಂತು ಮೂರು ತಿಂಗಳಿಗೇ ಇಳಿದುಹೋಗಿತ್ತು. ಈಗ ತನ್ನ ಕೂಸಿನ ಸದ್ದು ಕೇಳುವ ಹುಚ್ಚು ಹತ್ತಿತು. ಆದರೆ ಆ ಕೊಳವೆ ಒಂದು ಗೇಣೂ ಇಲ್ಲ, ಮನುಷ್ಯರ ಕತ್ತು ಅಷ್ಟು ಬಾಗುವುದೂ ಇಲ್ಲ. ಬಾಗಿಲು ಹಾಕಿಕೊಂಡು ಪ್ರಯತ್ನಿಸಿ ಕತ್ತು ಉಳುಕಿಸಿಕೊಂಡ ಸಂಗತಿ ಗಂಡನಿಗೆ ಮಾತ್ರ ಗೊತ್ತು.

ನಂಜನಗೂಡಿನ ದೊಡ್ಡಾಸ್ಪತ್ರೆಯಲ್ಲಿ ಬಸುರಿಯರನ್ನು ನೋಡುವುದು ಗುರುವಾರ. ಇವಳು ಊರಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವುದೂ ಗುರುವಾರವೇ. ಇದ್ದ ಸಿ.ಎಲ್. ರಜೆಯೆಲ್ಲ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಮುಗಿದಿತ್ತು. ಊರಿನ ಬಸುರಿಯರನ್ನೆಲ್ಲ ಬೈದು ಬಸ್ಸು ಹತ್ತಿಸುವವಳು ಏಳು ತಿಂಗಳಾದರೂ ತಾನು ಹತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ಕೊನೆಗೆ ಆರೋಗ್ಯ ಕೇಂದ್ರದ ಗುಮಾಸ್ತ ರಾಮಯ್ಯನನ್ನು ಕೇಳಿದಳು. ಒಳ್ಳೆಯ ಮನುಷ್ಯ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ರೂಲ್ಸ್ ಪುಸ್ತಕವನ್ನು ತಿರುವಿದ.

"ಹೆರಿಗೆಗೆ ರಜೆ ಅದೆ ಸಿಸ್ಟರೇ. ಗರ್ಭ ಹೋದ್ರೂ ರಜೆ ಅದೆ, ಆರು ವಾರ."

"ಹೋಗದಂಗೆ ನೋಡ್ಕೊಳಕ್ಕೆ?"

ರಾಮಯ್ಯ ಇನ್ನೂ ನಾಲ್ಕು ಹಾಳೆ ತಿರುವಿದ. "ಅದ್ಕೆ ಕಾಣಕಿಲ್ಲ ಕಣ್ರೀ. ಗಳಿಕೆ ರಜೆಗೆ ಬರ್ಕೊಡಿ. ಮೈಸೂರಿಂದ ಮಂಜೂರಾಗಿ ಬರಕ್ಕೆ ಒಂದೂವರೆ ತಿಂಗ್ಳಾಯ್ತದೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗುರುಬಸಮ್ಮನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಈ ಪುಸ್ತಕ ಬರೆದವರ ಮನೆಯಲ್ಲಿ ಯಾರೂ ಬಸುರಿಯಾಗಿರಲಿಲ್ಲವೇ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಮುಂದಿನ ಮಂಗಳವಾರ ಮಧ್ಯಾಹ್ನ ಊರಿನ ಹಳೆಯ ಸೂಲಗಿತ್ತಿ ಮಾದಮ್ಮ ಬಂದಳು. ಕೂಸಿನ ಸದ್ದು ಕೇಳಲಾಗದ ವಿಷಯ ತಿಳಿದು, "ಅದ್ಕೇನಂತೆ, ಮನಿಕ್ಕೊಳವ್ವ, ನಾನ್ ಕೇಳ್ತೀನಿ" ಅಂದಳು. ಮಾದಮ್ಮನಿಗೆ ಇಪ್ಪತ್ತರಾಚೆ ಎಣಿಕೆ ಬಾರದು. "ನೀನು ಎಣಿಸ್ಬೇಡ, ಕೇಳ್ದಂಗೆಲ್ಲ ನನ್ ಕೈ ಮೇಲೆ ಬೆರಳಲ್ಲಿ ತಟ್ಟು" ಎಂದು ಗುರುಬಸಮ್ಮ ಚಾಪೆಯ ಮೇಲೆ ಮಲಗಿದಳು. ಕೊಳವೆಗೆ ಕಿವಿಗೊಟ್ಟ ಮಾದಮ್ಮನ ಒರಟು ಬೆರಳು ತಟ್ಟತೊಡಗಿತು. ಇವಳು ವಾಚು ನೋಡುತ್ತಾ ಎಣಿಸಿದಳು. ಅಳು ಒತ್ತರಿಸಿ ಬಂತು. ಲೆಕ್ಕ ತಪ್ಪೀತೆಂದು ತಡೆದುಕೊಂಡಳು. ನಿಮಿಷಕ್ಕೆ ನೂರ ನಲವತ್ನಾಲ್ಕು. ಚೆನ್ನಾಗಿದೆ.

ಆದರೆ ಮಾದಮ್ಮನ ಬೆರಳು ಕೈ ಮೇಲಿನ ಹಸಿರು ಬಳೆಗೆ ಬಂದು ನಿಂತಿತ್ತು. "ಹೋದ್ವಾರ ಬಳೆ ಶಾಸ್ತ್ರ ಮಾಡಿ ತೊಡ್ಸ್‌ದಾಗ ಮೊಳಕೈಗಂಟ ಜರುಗೋವು. ಈಗ ಅಲ್ಲಾಡಾಕಿಲ್ವಲ್ಲ. ಬಳೆ ಬಿಗಿಯಾದ್ರೆ ಅವತ್ತೇ ಬಂದು ಹೇಳಿ ಅಂತ ಊರೋರ್ಗೆಲ್ಲ ಹೇಳೋಳು ನೀನು."

ಗುರುಬಸಮ್ಮ ಎದ್ದು ಕುಳಿತು ಕಣಕಾಲನ್ನು ಹೆಬ್ಬೆರಳಿಂದ ಒತ್ತಿದಳು. ಗುಳಿ ಬಿತ್ತು, ಮುಚ್ಚಿಕೊಳ್ಳಲಿಲ್ಲ. ಬಿ.ಪಿ. ಮಿಷನ್ನು ರಿಪೇರಿಗೆ ಹೋಗಿ ಮೂರು ತಿಂಗಳಾಗಿತ್ತು, ಆದರೆ ಈ ಗುಳಿಗೆ ಮಿಷನ್ನು ಬೇಕಿರಲಿಲ್ಲ. ಬಿ.ಪಿ. ಏರಿದೆ, ಬಿಟ್ಟರೆ ಫಿಟ್ಸು ಬರುತ್ತದೆ, ತಾಯಿಯೂ ಕೂಸೂ ಇಬ್ಬರೂ ಹೋಗಬಹುದು. ಅವಳಿಗೆ ಭಯವಾಯಿತು.

ಅಪಾಯದ ಕೇಸಾದರೆ ಗುರುವಾರಕ್ಕೆ ಕಾಯಬೇಕಿಲ್ಲ. ದಾದಿ ಚೀಟಿ ಬರೆದು, ತಾನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ದಿನ ದಾದಿಗೆ ರಜೆಯಲ್ಲ, ಡ್ಯೂಟಿ ಲೆಕ್ಕ. ರಜೆಗಾಗಿ ಸುಳ್ಳು ಬರೆಯುವವಳಲ್ಲ ಗುರುಬಸಮ್ಮ. ಈಗ ಬರೆಯಬೇಕಾದದ್ದೆಲ್ಲ ನಿಜವೇ ಆಗಿತ್ತು. ಚೀಟಿ ಪುಸ್ತಕ ತೆಗೆದಳು. ಬಸುರಿಯ ಹೆಸರು: ಗುರುಬಸಮ್ಮ. ಕಳಿಸಿದವರು: ಗುರುಬಸಮ್ಮ. ಜೊತೆಗೆ ಬಂದವರು ಎಂಬಲ್ಲಿ ಪೆನ್ನು ಕೊಂಚ ನಿಂತು, ಅಲ್ಲೂ ಅದೇ ಹೆಸರು ಬರೆಯಿತು. ತಾನೂ ಬರುತ್ತೇನೆಂದು ಬಸ್ಸಿನವರೆಗೂ ಬಂದ ಮಾದಮ್ಮನನ್ನು ಬೇಡವೆಂದು ವಾಪಸು ಕಳಿಸಿದಳು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಚೀಟಿ ಓದಿ ತಲೆಯೆತ್ತಿದರು. "ಕೇಸ್ ಎಲ್ಲಿ ಸಿಸ್ಟರ್?"

"ನಾನೇ ಮೇಡಂ."

"ಕರ್ಕೊಂಡು ಬಂದೋರು?"

"ನಾನೇ."

ಡಾಕ್ಟರು ನಗಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು, ಇವತ್ತೇ ಅಡ್ಮಿಟ್ ಆಗಬೇಕು ಅಂದರು. "ಸರಿಯಾದ ಟೈಮಿಗೆ ಬಂದಿದೀರ, ಮಗು ಉಳ್ಕೊಳುತ್ತೆ. ಆದ್ರೆ ಇಷ್ಟು ಬಿ.ಪಿ. ಇಟ್ಕೊಂಡು ಬಸ್ಸಲ್ಲಿ ಒಬ್ಬರೇ ಬರೋದಾ? ಮನೆಯೋರನ್ನೋ, ಯಾರನ್ನಾದ್ರೂ ಕರ್ಕೊಂಡು ಬರಬಾರ್ದಿತ್ತಾ?"

"ಬೇರೆ ಯಾರಾದ್ರೂ ಕರ್ಕೊಂಡು ಬಂದಿದ್ರೆ ನಾನು ಬರೀ ಪೇಶೆಂಟು ಮೇಡಂ," ಅಂದಳು ಗುರುಬಸಮ್ಮ. "ನಂಗೆ ಆಬ್ಸೆಂಟ್ ಹಾಕೋರು."