ಯಮನಮ್ಮ ಹೆಸರು ಹುಡುಕಿದ್ದು

ವಳಕಮದಿನ್ನಿಯ ಯಮನಮ್ಮ ನಕ್ಕರೆ ಮೂರು ಓಣಿಗೆ ಕೇಳುತ್ತಿತ್ತು. ಇಪ್ಪತ್ತಮೂರಕ್ಕೇ ಗಂಡನನ್ನು ಕಳೆದುಕೊಂಡವಳು ಹೀಗೆ ನಗಬಾರದು ಎಂದು ಕೆಲವರಿಗೆ ಅನಿಸುತ್ತಿತ್ತು. ಅವಳಿಗೆ ಅನಿಸಲಿಲ್ಲ. ಎರಡು ವರ್ಷ ಅತ್ತಳು, ಸಾಕಾಯಿತು. ಆಮೇಲೆ ತಾನೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗತೊಡಗಿದಳು. ಊರ ಬಡಗಣಕ್ಕಿದ್ದ ಆರು ಎಕರೆ ಎರೆಹೊಲ ಅವಳ ಪಾಲಿಗಿತ್ತು. ಊರವರು ಅದನ್ನು ಕರೆಯುತ್ತಿದ್ದದ್ದು ಮುಂಡಿ ಹೊಲ ಎಂದು.

ಆ ಹೆಸರು ಅವಳಿಂದ ಬಂದದ್ದಲ್ಲ. ಗಂಡನ ಮುತ್ತಜ್ಜಿ ವಿಧವೆಯಾದ ಮೇಲೆ ಜಾಲಿ ಕಡಿದು, ಕರಿಕೆ ಕಿತ್ತು ಹಸನು ಮಾಡಿದ ಹೊಲ ಅದು. ಆಗೆಲ್ಲ ಮುಂಡಿ ಎಂದರೆ ಗಂಡ ತೀರಿಕೊಂಡವಳು, ಅಷ್ಟೇ. ಬರಬರುತ್ತ ಆ ಮಾತು ಕೆಟ್ಟಿತು. ಯಮನಮ್ಮನ ಕಾಲಕ್ಕೆ ಎತ್ತು ಮೊಂಡು ಹಿಡಿದರೂ ಅದೇ ಬೈಗುಳ, ಮಗ ಹೇಳಿದ್ದು ಕೇಳದಿದ್ದರೂ ಅದೇ ಬೈಗುಳ.

ಹೊಲದಲ್ಲಿ ಜೋಳ ಬೆಳೆಯುತ್ತಿದ್ದಷ್ಟು ಕಾಲ ಆ ಹೆಸರು ವರ್ಷಕ್ಕೆ ನಾಲ್ಕು ಸಲ ಕಿವಿಗೆ ಬಿದ್ದರೆ ಹೆಚ್ಚು. ೧೯೬೨ರಲ್ಲಿ ಕಾಲುವೆ ಬಂತು. ಹೊಲದ ತಲೆಗೊಂದು ತೂಬು ಕೂಡಿಸಿದರು, ಹೊಲದ ಹೆಸರೇ ತೂಬಿಗೂ ಅಂಟಿತು. ಪಾಳಿ ಬಂದಾಗ ಏರಿಯ ಮೇಲೆ ನಿಂತು ಯಾವ ತೂಬಿಗೆ ನೀರು ಎಂದು ಕೂಗಿ ಹೇಳುವುದು ಬಾಬುಸಾಬನ ಕೆಲಸ. ಮಸ್ಕಿಯಿಂದ ಬಂದ ಲಸ್ಕರ್ ಅವನು, ತೂಬು ತೆಗೆದು ಮುಚ್ಚುವವನು. ಗಂಟಲು ಗಟ್ಟಿ, ಮನಸ್ಸು ಮೆತ್ತಗೆ. ಉಳಿದ ತೂಬುಗಳ ಹೆಸರನ್ನು ಕೂಗಿ ಹೇಳುತ್ತಿದ್ದವನು ಯಮನಮ್ಮನ ಪಾಳಿ ಬಂದರೆ ಏರಿ ಇಳಿದು, ಅವಳ ಹತ್ತಿರ ಬಂದು ಕೆಮ್ಮುತ್ತಿದ್ದ.

"ಯಕ್ಕಾ, ಇವತ್ತ... ಆ ತೂಬಿಗೆ ನೀರು."

"ಯಾವ ತೂಬಿಗಪಾ?"

"ನಿಮ್ದ ರೀ."

"ನಂದು ಅಂದ್ರ ಯಾವುದು? ಊರಾಗ ಹನ್ನೊಂದು ತೂಬು ಅದಾವ." ಯಮನಮ್ಮನಿಗೆ ಅವನನ್ನು ಕಾಡುವುದೆಂದರೆ ಖುಷಿ.

ಬಾಬುಸಾಬ ನೆಲ ನೋಡಿದ. "ಆ ಮಾತು ನನ್ನ ಬಾಯಿಗೆ ಬರಂಗಿಲ್ಲ ಯಕ್ಕಾ. ನಮ್ಮಮ್ಮಾನೂ ಗಂಡ ಇಲ್ಲದಾಕೀನ."

ಯಮನಮ್ಮನ ನಗು ಅಲ್ಲೇ ನಿಂತಿತು. ನೀರು ಕಟ್ಟಿ ಮುಗಿಸಿದವಳು ಮನೆಗೆ ಹೋಗದೆ ನೇರ ಗದ್ದೆಪ್ಪನ ಕಟ್ಟೆಗೆ ಹೋದಳು. ಗದ್ದೆಪ್ಪ ಅವಳ ಸಣ್ಣ ಮಾವ, ಅಂದರೆ ತೀರಿಹೋದ ಮಾವನ ತಮ್ಮ. ಎಪ್ಪತ್ತು ದಾಟಿದ ಹಿರಿಯ. ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ.

"ಮಾವಾ, ನಮ್ಮ ತೂಬಿನ ಹೆಸರು ಬದಲ ಮಾಡಬೇಕ್ರಿ."

"ಯಾಕವ್ವಾ? ಅದು ಹಿರೇರ ಕಾಲದ್ದು. ಆಕಿ ನಮ್ಮಜ್ಜಿ, ಅಂಥಿಂಥಾಕಿ ಅಲ್ಲ. ಮುಂಡೆವ್ವ ಬಂದ್ಳು ಅಂದ್ರ ಗೌಡ ಎದ್ದು ನಿಂದರತಿದ್ದ. ಹೆಸರು ತಗದ್ರ ಆಕೀನ ತಗದಂಗ ಆಕ್ಕೈತಿ."

ಅದೂ ನಿಜವೇ. ಯಮನಮ್ಮ ಕಟ್ಟೆಯ ಮೇಲೆ ಕೂತಳು. "ಹಂಗಾದ್ರ ಆಕಿ ಹೆಸರ ಇಡೂಣು. ಆಕಿ ಹೆಸರೇನ್ರಿ?"

"ಮುಂಡೆವ್ವ."

"ಅದು ಹೆಸರಲ್ರಿ ಮಾವಾ. ತೊಟ್ಟಲದಾಗಿನ ಕೂಸಿಗೆ ಯಾರರ ಮುಂಡೆವ್ವ ಅಂತ ಇಡತಾರೇನು?"

ಗದ್ದೆಪ್ಪ ಕುಟ್ಟುವುದನ್ನು ನಿಲ್ಲಿಸಿದ. ಆ ಅಜ್ಜಿಯ ಕೈತುತ್ತು ಉಂಡು ಬೆಳೆದವನು ಅವನು. ಅವಳ ಸೆರಗು ಹಿಡಿದು ಅದೇ ಹೊಲಕ್ಕೆ ಹೋಗಿಬಂದವನು. ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದ. "ನಾ ಅಜ್ಜಿ ಅಂತಿದ್ನಿ. ಊರು ಹಂಗ ಅಂತಿತ್ತು. ಹೆಸರು... ಗೊತ್ತಿಲ್ಲವ್ವಾ," ಎಂದವನ ದನಿ ಸಣ್ಣದಾಯಿತು.

ಮರುದಿನ ಬೆಳಿಗ್ಗೆ ಅವನೇ ಯಮನಮ್ಮನ ಬಾಗಿಲಿಗೆ ಬಂದ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದಗಳಿದ್ದವು. "ಸಂದೂಕದಾಗ ಇದ್ವು. ನಿಜಾಮನ ಕಾಲದ್ದು, ಉರ್ದು. ಇದರಾಗ ಇದ್ರೂ ಇರಬಹುದು. ನಡಿ, ಮಸ್ಕಿಗೆ ಹೋಗೂಣು."

ಅಂದು ಮಸ್ಕಿಯ ಸಂತೆ. ಉರ್ದು ಸಾಲೆಯ ಮಾಸ್ತರಾಗಿದ್ದ ಇಸ್ಮಾಯಿಲ್‌ಸಾಬರು ಬಸ್ ನಿಲ್ಲುವ ಕಡೆ ಅರ್ಜಿ ಬರೆದುಕೊಡುತ್ತ ಕೂತಿರುತ್ತಿದ್ದರು. ಕನ್ನಡಕ ಒರೆಸಿಕೊಂಡು ಒಂದೊಂದೇ ಕಾಗದ ತಿರುವಿದರು. ಮೂರನೆಯದರಲ್ಲಿ ಬೆರಳು ನಿಂತಿತು.

"ವಳಕಮದಿನ್ನಿ ಸೀಮಿ... ಪಟ್ಟೇದಾರ್, ಮುಸಮ್ಮಾತ್, ಅಂದ್ರ ಶ್ರೀಮತಿ, ಸೂಗಮ್ಮ, ಬೇವಾ ದುರುಗಪ್ಪ."

"ದುರುಗಪ್ಪ ನಮ್ಮ ಮುತ್ಯಾ, ಆಕಿ ಗಂಡ!" ಗದ್ದೆಪ್ಪ ಕೂಗಿಯೇಬಿಟ್ಟ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬೇವಾ ಅಂದ್ರೇನ್ರಿ ಸಾಬ್ರ? ಬೇವಿನ ಗಿಡ ಏನು?" ಎಂದಳು ಯಮನಮ್ಮ.

ಇಸ್ಮಾಯಿಲ್‌ಸಾಬರು ನಕ್ಕರು. "ಅಲ್ಲಮ್ಮಾ. ಗಂಡ ತೀರಿಕೊಂಡಾಕಿ ಅಂತ. ನಿಮ್ಮ ಕನ್ನಡದಾಗ..." ಎಂದು ಅರ್ಧಕ್ಕೇ ತಡೆದರು.

"ಅಂದ್ಬಿಡ್ರಿ. ಕೇಳಿ ಕೇಳಿ ಕಿವಿ ಗಟ್ಟಿ ಆಗ್ಯಾವ. ನಿಮ್ಮ ಮಂದಿ ಬೇವಾ ಅಂತ ಬೈತಾರೇನ್ರಿ?"

"ಇನ್ನಾ ಬೈಯಾಕತ್ತಿಲ್ಲ." ಸಾಬರು ಕಾಗದ ಮಡಿಸುತ್ತ ಹೇಳಿದರು. "ಮೊದಲ ಕೆಡೂದು ಮಾತಲ್ಲಮ್ಮಾ. ಮಂದಿ ನೋಡೂ ಕಣ್ಣು ಕೆಡತೈತಿ, ಆಮ್ಯಾಲ ಮಾತು ಕೆಡತೈತಿ."

"ಹಂಗಾದ್ರ ಹೆಸರು ಬದಲ ಮಾಡಿ ಏನ್ ಬಂತು?" ಗದ್ದೆಪ್ಪನಿಗೆ ಅನುಮಾನ.

"ಕಣ್ಣು ಸುದ್ದ ಆಗೂತನಕಾ ನಾ ಬೈಸಿಕೋತ ಕುಂದರ್ಲೇನ್ರಿ ಮಾವಾ?" ಎಂದಳು ಯಮನಮ್ಮ. ಮೂವರೂ ನಕ್ಕರು.

ಸಂತೆಯಲ್ಲಿ ಗದ್ದೆಪ್ಪ ಒಂದು ಪೆಂಟೆ ಬೆಲ್ಲ ಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೂಗಮ್ಮ, ಸೂಗಮ್ಮ ಎನ್ನುತ್ತಿದ್ದ. ಕಣ್ಣೀರು ಹರಿಯುತ್ತಿತ್ತು, ಬಾಯಿ ನಗುತ್ತಿತ್ತು. ಪಕ್ಕದಲ್ಲಿ ಕೂತವನೊಬ್ಬ "ಮಮ್ಮಗಳು ಹುಟ್ಯಾಳೇನ್ರಿ?" ಎಂದು ಕೇಳಿದ. "ಅಜ್ಜಿ ಸಿಕ್ಕಾಳಪಾ," ಎಂದ ಗದ್ದೆಪ್ಪ.

ಕಾಲುವೆ ದಫ್ತರದಲ್ಲಿ ವಿಚಾರಿಸಿದರೆ ಓವರ್‌ಸಿಯರ್ ಕೈ ಅಲ್ಲಾಡಿಸಿಬಿಟ್ಟರು. ನಮ್ಮ ಪುಸ್ತಕದಲ್ಲಿ ತೂಬಿಗೆ ನಂಬರ್ ಮಾತ್ರ ಇದೆ, ಹೆಸರು ನಿಮ್ಮ ಊರಿನ ಬಾಯಲ್ಲಿದೆ, ಅಲ್ಲೇ ಬದಲಾಯಿಸಿಕೊಳ್ಳಿ ಎಂದರು. ಹೀಗಾಗಿ ಗದ್ದೆಪ್ಪನೇ ಮನೆಮನೆಗೆ ಹೋಗಿ ಬೆಲ್ಲ ಹಂಚಿ ಹೇಳಿದ. ಬೆಲ್ಲ ತಿಂದ ಮೇಲೆ ಒಂದು ಸಲ ಹೆಸರು ಹೇಳಿ ತೋರಿಸಬೇಕು, ಇಲ್ಲದಿದ್ದರೆ ಅವನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಮುಂದಿನ ಪಾಳಿಯ ದಿನ ಬಾಬುಸಾಬ ಏರಿ ಇಳಿಯಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, "ಸೂಗಮ್ಮನ ತೂಬಿಗೆ ನೀರೋ!" ಎಂದು ಕೂಗಿದ. ಯಾರೂ ಹೇಳದಿದ್ದರೂ ಇನ್ನೆರಡು ಸಲ ಕೂಗಿದ. ಯಮನಮ್ಮ ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ಓಡಿದಳು. ಮೂರು ಓಣಿಗಲ್ಲ, ಆಚೆ ದಂಡೆಯ ವಲಸೆ ರೈತರ ಕ್ಯಾಂಪಿಗೂ ಅವಳ ನಗು ಕೇಳಿತು.

ಹಳೆಯ ಹೆಸರು ಒಮ್ಮೆಲೇ ಹೋಗಲಿಲ್ಲ. ಮರೆತು ಅಂದವರು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕೆಲವರು ಕಚ್ಚಿಕೊಳ್ಳುತ್ತಲೂ ಇರಲಿಲ್ಲ. ಆದರೆ ಆಂಧ್ರದಿಂದ ಬಂದು ಕ್ಯಾಂಪು ಹಾಕಿಕೊಂಡ ಭತ್ತದ ರೈತರಿಗೆ ಹಳೆಯದು ಗೊತ್ತೇ ಇರಲಿಲ್ಲ. ಸೂಗಮ್ಮನ ತೂಬಿನ ಹೊಲದಲ್ಲಿ ದುಡಿಯುವವಳೇ ಸೂಗಮ್ಮ ಎಂದು ಅವರು ತಿಳಿದರು. ೧೯೭೦ರ ಹೊತ್ತಿಗೆ, ನಾಟಿಗೆ ಆಳು ಬೇಕೆಂದು ಕೇಳಲು ಬಂದವರೆಲ್ಲ, "ಸೂಗಮ್ಮಗಾರೂ!" ಎಂದೇ ಕರೆಯುತ್ತಿದ್ದರು.

"ಅದು ನಿನ್ನ ಹೆಸರಲ್ಲಂತ ಹೇಳಬಾರದೇನು?" ಎಂದು ಗದ್ದೆಪ್ಪ ಒಮ್ಮೆ ಕೇಳಿದ.

"ಇರಲಿ ಬಿಡ್ರಿ ಮಾವಾ. ಚೊಲೊ ಹೆಸರದ," ಎಂದಳು ಯಮನಮ್ಮ. ದಂಡೆಯಿಂದ ಯಾರೋ "ಸೂಗಮ್ಮಗಾರೂ!" ಎಂದು ಕೂಗಿದರು. ಅವಳು ಮೊಣಕಾಲುದ್ದ ಕೆಸರಲ್ಲಿ ನಿಂತೇ ಅತ್ತ ತಿರುಗಿ "ಓ" ಅಂದಳು.